ಹಲ್ಲಿನ ಡಾಕ್ಟರ್ ಅಂದ್ರೆ ಕೈಕಾಲು ನಡುಗುತ್ತೆ: ಮಂಪರು ಕೊಟ್ಟು ಚಿಕಿತ್ಸೆ ಮಾಡಿಸಿಕೊಳ್ಳಬಹುದಾ?

ಪ್ರಶ್ನೆ: ಮೇಡಂ, ನಾನು ಶಿಡ್ಲಘಟ್ಟದವಳು, ವಯಸ್ಸು 41. ನಮ್ಮದೇ ಸಣ್ಣ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕ ಇದೆ. ಎಡಗಡೆ ಕೆಳಗಿನ ಎರಡು ದವಡೆ ಹಲ್ಲು ಹುಳುಕಾಗಿವೆ. ಒಂದಂತೂ ರಾತ್ರಿ ಹೊತ್ತು ಮಲಗೋಕೆ ಬಿಡುವುದಿಲ್ಲ. ಮೇಲಿನ ಒಂದು ಹಲ್ಲು ಅರ್ಧ ಮುರಿದಿದೆ. ಚಿಕ್ಕವಳಿದ್ದಾಗ ಇಬ್ಬರು ಕೈಕಾಲು ಹಿಡಿದುಕೊಂಡು ನನ್ನ ಹಲ್ಲು ಕಿತ್ತಿದ್ದರು. ಇಂಜೆಕ್ಷನ್ ಕೊಟ್ಟಿದ್ದರೂ ಪೂರ್ತಿ ನೋವಾಗಿತ್ತು. ಆಮೇಲೆ ಹಲ್ಲಿನ ಡಾಕ್ಟರ್ ಕಡೆ ತಲೆ ಹಾಕಿಲ್ಲ. ಹೋದ ತಿಂಗಳು ಧೈರ್ಯ ಮಾಡಿ ಕ್ಲಿನಿಕ್ ಬಾಗಿಲವರೆಗೂ ಹೋದೆ, ಒಳಗಿನ ಮೆಷಿನ್ ಸದ್ದು ಕೇಳಿ ವಾಪಸ್ ಬಂದೆ. ನೋವಿನ ಮಾತ್ರೆ, ಲವಂಗದ ಎಣ್ಣೆಯಲ್ಲೇ ದಿನ ದೂಡುತ್ತಿದ್ದೇನೆ. ಥೈರಾಯ್ಡ್ ಮಾತ್ರೆ ತಗೊಳ್ಳುತ್ತೇನೆ. ಮೂಗು ಯಾವಾಗಲೂ ಕಟ್ಟಿರುತ್ತದೆ, ಗೊರಕೆ ಜಾಸ್ತಿ ಅಂತ ಮನೆಯವರು ಹೇಳುತ್ತಾರೆ. ಬೆಂಗಳೂರಿನಲ್ಲಿ ಮಂಪರು ಕೊಟ್ಟು ಗೊತ್ತೇ ಆಗದ ಹಾಗೆ ಹಲ್ಲು ಕೀಳುತ್ತಾರಂತೆ, ನಿಜಾನಾ? ಎಚ್ಚರ ಆಗದೇ ಹೋದರೆ ಅಂತ ಅದಕ್ಕೂ ಭಯ. ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂಜಾಗುತ್ತದೆ ಅಂತ ನಮ್ಮತ್ತೆ ಹೇಳುತ್ತಾರೆ. ಮನೆಯಲ್ಲಿ ನಿದ್ದೆ ಮಾತ್ರೆ ಇದೆ, ಒಂದು ನುಂಗಿ ಹೋದರೆ ಸಾಕಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಆ ಮಾತ್ರೆ ನುಂಗಿ ಹೋಗಬೇಡಿ. ಅದು ಯಾವ ಮಾತ್ರೆ, ಯಾರಿಗೆ ಬರೆದದ್ದು, ಎಷ್ಟು ಮಿಲಿಗ್ರಾಂ ಅಂತ ನೀವು ಬರೆದಿಲ್ಲ. ನಿಮಗೆ ಗೊರಕೆ ಬೇರೆ ಇದೆ. ಅಲ್ಪ್ರಜೋಲಾಮ್, ಡಯಾಜೆಪಾಮ್, ಜೋಲ್ಪಿಡೆಮ್ ಇವೆಲ್ಲ ಶೆಡ್ಯೂಲ್ ಎಚ್1 ಪಟ್ಟಿಯ ಔಷಧಿಗಳು. ಮೆಡಿಕಲ್ ಸ್ಟೋರ್‌ನವರು ಡಾಕ್ಟರ್ ಚೀಟಿ ನೋಡಿ, ರಿಜಿಸ್ಟರ್‌ನಲ್ಲಿ ಬರೆದುಕೊಂಡೇ ಕೊಡಬೇಕು. ಈ ಕಟ್ಟುಪಾಡು ಸುಮ್ನೆ ಇಟ್ಟಿದ್ದಲ್ಲ. ನೀವು ಹೇಳದೆ ಒಂದು ನುಂಗಿ ಬಂದು, ಅದರ ಮೇಲೆ ನಾವು ಇನ್ನೊಂದು ಮಂಪರಿನ ಔಷಧಿ ಕೊಟ್ಟರೆ, ಎರಡೂ ಸೇರಿ ಉಸಿರಾಟವನ್ನೇ ನಿಧಾನ ಮಾಡಬಹುದು.

ಇನ್ನೊಂದು ಮಾತನ್ನೂ ಈಗಲೇ ಹೇಳಬೇಕು. ದವಡೆ ಕೆಳಗೆ ಅಥವಾ ಕುತ್ತಿಗೆ ಕಡೆಗೆ ಊತ ಇಳಿಯುತ್ತಿದ್ದರೆ, ಬಾಯಿ ತೆರೆಯಲು ಆಗದಿದ್ದರೆ, ಉಗುಳು ನುಂಗುವುದೇ ಕಷ್ಟವಾದರೆ, ಜ್ವರ ಬಂದರೆ ಕಾಯಬೇಡಿ. ಭಯ ಎಷ್ಟೇ ಇರಲಿ, ಅವತ್ತೇ ದೊಡ್ಡ ಆಸ್ಪತ್ರೆಗೆ ಹೋಗಿ. ಕೆಳಗಿನ ದವಡೆ ಹಲ್ಲಿನ ಕೀವು ನಾಲಿಗೆ ಅಡಿಗೆ ಹರಡಿದರೆ ಉಸಿರಿನ ದಾರಿಯನ್ನೇ ಒತ್ತುತ್ತದೆ. ಅದೊಂದು ಇಲ್ಲದಿದ್ದರೆ ನಿಧಾನವಾಗಿ ಯೋಚಿಸಲು ನಿಮಗೆ ಸಮಯ ಇದೆ.

ಈಗ ಮಂಪರಿನ ವಿಷಯ. ಹೌದು, ಮಂಪರು ಕೊಟ್ಟು ಹಲ್ಲಿನ ಚಿಕಿತ್ಸೆ ಮಾಡುವುದು ನಿಜ. ಆದರೆ ತುಂಬಾ ಜನ ತಪ್ಪು ತಿಳಿದಿರುವುದು ಒಂದಿದೆ. ಮಂಪರು ಇಳಿಸುವುದು ಭಯವನ್ನು. ನೋವು ತಡೆಯುವ ಕೆಲಸ ಬೇರೆ ಔಷಧಿಯದು, ಅದೇ ಒಸಡಿಗೆ ಕೊಡುವ ಮರಗಟ್ಟಿಸುವ ಇಂಜೆಕ್ಷನ್. ಮಂಪರು ಕೊಟ್ಟರೂ ಆ ಇಂಜೆಕ್ಷನ್ ತಪ್ಪುವುದಿಲ್ಲ. ಮಂಪರಿನಲ್ಲಿ ಇದ್ದಾಗ ಅದು ಚುಚ್ಚಿದ್ದು ನಿಮಗೆ ಅಷ್ಟಾಗಿ ತಾಗುವುದಿಲ್ಲ, ಅಷ್ಟೆ.

ಇದು ಹಲ್ಲಿನ ಡಾಕ್ಟರುಗಳು ಪೆಟ್ಟು ತಿಂದೇ ಕಲಿತ ಪಾಠ. 1844ರ ಡಿಸೆಂಬರ್‌ನಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ಊರಿನ ದಂತವೈದ್ಯ ಹೊರೇಸ್ ವೆಲ್ಸ್ ಒಂದು ಪ್ರದರ್ಶನಕ್ಕೆ ಹೋಗಿದ್ದರು. ಅಲ್ಲಿ ನೈಟ್ರಸ್ ಆಕ್ಸೈಡ್, ಅಂದರೆ ನಗೆ ಅನಿಲ ಸೇದಿದ ಒಬ್ಬ ಯುವಕ ಕಾಲಿಗೆ ಪೆಟ್ಟು ಮಾಡಿಕೊಂಡರೂ ನೋವು ಅನ್ನಲಿಲ್ಲ. ವೆಲ್ಸ್ ಮರುದಿನವೇ ಆ ಅನಿಲ ಸೇದಿ ತಮ್ಮದೇ ಹಲ್ಲು ಕೀಳಿಸಿಕೊಂಡರು. ಆದರೆ 1845ರ ಆರಂಭದಲ್ಲಿ ಬಾಸ್ಟನ್‌ನಲ್ಲಿ ಡಾಕ್ಟರುಗಳ ಎದುರು ಅದನ್ನೇ ತೋರಿಸಲು ಹೋದಾಗ ರೋಗಿ ಕೂಗಿಬಿಟ್ಟ. ಅನಿಲದ ಚೀಲವನ್ನು ಬೇಗ ತೆಗೆದುಬಿಟ್ಟಿದ್ದರಂತೆ. ನೋಡುತ್ತಿದ್ದವರು ಗೇಲಿ ಮಾಡಿದರು. ಇವತ್ತು ಅದೇ ಅನಿಲ ಬಳಸುವಾಗ ನಾವು ಅದರ ಮೇಲೊಂದನ್ನೇ ನಂಬಿ ಹಲ್ಲು ಕೀಳುವುದಿಲ್ಲ.

ಹಾಗಾಗಿ ಮಂಪರಿಗಿಂತ ಮೊದಲು ಇಂಜೆಕ್ಷನ್ ಬಗ್ಗೆಯೇ ಮಾತಾಡೋಣ. ನಿಮ್ಮ ಭಯ ಹುಟ್ಟಿದ್ದು ಅಲ್ಲೇ ಅಲ್ವಾ? ಇಂಜೆಕ್ಷನ್ ಕೊಟ್ಟರೂ ಪೂರ್ತಿ ನೋವಾಯಿತು ಅಂತ ಬರೆದಿದ್ದೀರಿ. ಅದು ನಿಮ್ಮ ಭ್ರಮೆ ಅಲ್ಲ. ನಮ್ಮಲ್ಲಿ ಜಾಸ್ತಿ ಬಳಸುವುದು ಲಿಗ್ನೋಕೇನ್ 2%, ಜೊತೆಗೆ ಸ್ವಲ್ಪ ಅಡ್ರಿನಲಿನ್. ಈ ಔಷಧಿ ಕೀವಾಗಿ ಊದಿದ ಜಾಗದಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಅಲ್ಲಿ ಆಮ್ಲ ಹೆಚ್ಚಿರುವುದರಿಂದ ಔಷಧಿ ನರದೊಳಗೆ ಇಳಿಯುವುದೇ ಕಡಿಮೆ. ಕೆಳಗಿನ ದವಡೆಯದ್ದು ಇನ್ನೊಂದು ಕಷ್ಟ. ಅಲ್ಲಿ ಮೂಳೆ ಗಟ್ಟಿ. ಮೇಲಿನ ಹಲ್ಲಿಗೆ ಪಕ್ಕದಲ್ಲಿ ಚುಚ್ಚಿದರೆ ಸಾಕಾಗುತ್ತದೆ, ಆದರೆ ಕೆಳಗಿನ ದವಡೆ ಹಲ್ಲಿಗೆ ಬಾಯಿಯ ಹಿಂಭಾಗದಲ್ಲಿ ದೊಡ್ಡ ನರ ಹಾದುಹೋಗುವ ಜಾಗ ಹುಡುಕಿ ಕೊಡಬೇಕು. ಕೊಟ್ಟ ಮೇಲೆ ಹತ್ತು ನಿಮಿಷವಾದರೂ ಕಾಯಬೇಕು, ಕೆಲವರಿಗೆ ಇನ್ನೂ ಹೆಚ್ಚು. ತುಟಿಯ ಅರ್ಧ ದಪ್ಪಗಾದ ಹಾಗೆ ಅನ್ನಿಸಿದರೂ ಹಲ್ಲಿನ ಒಳನರ ಮರಗಟ್ಟಿರದೇ ಇರಬಹುದು. ಅವಸರ ಮಾಡಿ ಇಕ್ಕಳ ಹಾಕುವುದು ಸರಿಯಾಗಿ ಬೇಯದ ಗೂಡಿನಿಂದ ನೂಲು ಎಳೆದ ಹಾಗೆ. ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಚಿಕ್ಕ ಹುಡುಗಿಯ ಕೈಕಾಲು ಹಿಡಿಯುವ ಬದಲು ಅವತ್ತು ಇನ್ನೊಂದಿಷ್ಟು ಹೊತ್ತು ಕಾದಿದ್ದರೆ ನೀವು ಈ ಪ್ರಶ್ನೆ ಕೇಳುವ ಸಂದರ್ಭವೇ ಬರುತ್ತಿರಲಿಲ್ಲವೇನೋ.

ಈಗ ಇದಕ್ಕೆಲ್ಲ ದಾರಿಗಳಿವೆ. ಸೂಜಿ ಚುಚ್ಚುವ ಮೊದಲು ಒಸಡು ಒರೆಸಿ, ಮರಗಟ್ಟಿಸುವ ಜೆಲ್ ಹಚ್ಚಿ ಒಂದೆರಡು ನಿಮಿಷ ಬಿಡುತ್ತೇವೆ. ಸೂಜಿ ತುಂಬಾ ಸಣ್ಣದು. ನಿಜ ಹೇಳಬೇಕೆಂದರೆ ಉರಿ ಬರುವುದು ಸೂಜಿಯಿಂದ ಅಲ್ಲ, ಔಷಧಿಯನ್ನು ಜೋರಾಗಿ ಒತ್ತಿದ್ದರಿಂದ. ನಿಧಾನವಾಗಿ ಬಿಡಿ ಅಂತ ಕೇಳುವ ಹಕ್ಕು ನಿಮಗಿದೆ. ಒಂದು ಸಲ ಸಾಲದಿದ್ದರೆ ಇನ್ನೊಂದು ಕೊಡಬಹುದು, ಆರ್ಟಿಕೇನ್ ಅನ್ನುವ ಬೇರೆ ಔಷಧಿ ಬಳಸಬಹುದು, ಹಲ್ಲಿನ ಬೇರಿನ ಸಂದಿಗೇ ಕೊಡಬಹುದು. ಕೀವು ತುಂಬಾ ಇದ್ದರೆ ಮೊದಲು ಅದನ್ನು ಹೊರಗೆ ಬಿಟ್ಟು, ಊತ ಇಳಿದ ಮೇಲೆ ಕೀಳುವುದೂ ಉಂಟು. ಇಂಜೆಕ್ಷನ್ ಆದ ಕೂಡಲೇ ಎದೆ ಡವಡವ ಅಂದರೆ ಹೆದರಬೇಡಿ. ಅದು ಅಡ್ರಿನಲಿನ್ ಆಟ, ಕೆಲವೇ ನಿಮಿಷದಲ್ಲಿ ಇಳಿಯುತ್ತದೆ. ಇದನ್ನೇ ಅಲರ್ಜಿ ಅಂದುಕೊಂಡು ನನಗೆ ಆ ಇಂಜೆಕ್ಷನ್ ಆಗಲ್ಲ ಅನ್ನುವವರು ಬಹಳ. ಲಿಗ್ನೋಕೇನ್‌ಗೆ ನಿಜವಾದ ಅಲರ್ಜಿ ತುಂಬಾ ಅಪರೂಪ.

ಇನ್ನೊಂದು ಚಿಕ್ಕ ವಿಷಯ. ಭಯದಲ್ಲಿ ಬೆಳಿಗ್ಗೆಯಿಂದ ಏನೂ ತಿನ್ನದೆ ಬಂದು ಕುರ್ಚಿಯಲ್ಲೇ ತಲೆಸುತ್ತಿ ಬೀಳುವವರು ಇದ್ದಾರೆ. ಹಲ್ಲಿನ ಕ್ಲಿನಿಕ್‌ನಲ್ಲಿ ಅತಿ ಹೆಚ್ಚು ಕಾಣುವ ತುರ್ತು ತೊಂದರೆ ಅದೇ. ಬರೀ ಮರಗಟ್ಟಿಸುವ ಇಂಜೆಕ್ಷನ್‌ನಲ್ಲಿ ಕೆಲಸ ಅಂದರೆ ತಿಂಡಿ ತಿಂದೇ ಬನ್ನಿ.

ಈಗ ಭಯದ ಬಗ್ಗೆ. ಭಯ ಅಳೆಯಲು ಐದು ಪ್ರಶ್ನೆಗಳ ಒಂದು ಅಳತೆಗೋಲು ಇದೆ. ನಾಳೆ ಡಾಕ್ಟರ್ ಹತ್ತಿರ ಹೋಗಬೇಕು ಅಂದರೆ ಹೇಗನ್ನಿಸುತ್ತದೆ, ಹೊರಗೆ ಕೂತು ಕಾಯುವಾಗ, ಹಲ್ಲು ಕೊರೆಯುವಾಗ, ಹಲ್ಲು ಉಜ್ಜಿ ಕ್ಲೀನ್ ಮಾಡುವಾಗ, ಇಂಜೆಕ್ಷನ್ ಕೊಡುವಾಗ ಹೇಗೆ ಅಂತ. ಒಂದೊಂದಕ್ಕೆ 1ರಿಂದ 5 ಅಂಕ. 25ಕ್ಕೆ 19 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಭಯ ತೀವ್ರ ಅಂತ ಲೆಕ್ಕ. ನಿಮ್ಮದು ಅಲ್ಲಿಗೆ ಮುಟ್ಟಬಹುದು ಅಂತ ನನ್ನ ಊಹೆ. ಆದರೆ ನನಗೆ ಒಟ್ಟು ಅಂಕಕ್ಕಿಂತ ಯಾವ ಪ್ರಶ್ನೆಗೆ 5 ಬಂತು ಅನ್ನುವುದು ಮುಖ್ಯ. ಸದ್ದಿಗೆ ಹೆದರುವವರಿಗೆ ಕಿವಿಗೆ ಇಯರ್‌ಫೋನ್ ಹಾಕಿ ಕೂರಿಸಬಹುದು. ಹಲ್ಲು ಕೀಳುವುದಕ್ಕೆ ಎಷ್ಟೋ ಸಲ ಆ ಸದ್ದಿನ ಮೆಷಿನ್ನೇ ಬೇಕಾಗುವುದಿಲ್ಲ. ಸೂಜಿಗೆ ಹೆದರುವವರ ದಾರಿ ಬೇರೆ. ನಿಮ್ಮ ಪತ್ರ ಓದಿದರೆ ನಿಮಗೆ ಇರುವುದು ಸೂಜಿಯ ಭಯಕ್ಕಿಂತ ಹೆಚ್ಚಾಗಿ, ನಿಲ್ಲಿಸಿ ಅಂದರೂ ಯಾರೂ ನಿಲ್ಲಿಸುವುದಿಲ್ಲ ಅನ್ನುವ ಭಯ. ಅದಕ್ಕೆ ಒಳ್ಳೆಯ ಔಷಧಿ ಒಂದು ಒಪ್ಪಂದ. ಎಡಗೈ ಎತ್ತಿದರೆ ಡಾಕ್ಟರ್ ಕೆಲಸ ನಿಲ್ಲಿಸಬೇಕು, ಪ್ರಶ್ನೆ ಕೇಳದೆ. ಶುರು ಮಾಡುವ ಮೊದಲೇ ಒಂದು ಸಲ ಸುಮ್ನೆ ಕೈ ಎತ್ತಿ ನೋಡಿ. ನಿಲ್ಲಿಸಿದರೆ ಅಲ್ಲಿಯೇ ಮಾಡಿಸಿಕೊಳ್ಳಿ. ನಿಲ್ಲಿಸದಿದ್ದರೆ ಎದ್ದು ಬನ್ನಿ, ಬೇರೆಯವರನ್ನು ನೋಡೋಣ.

ಬೈಸಿಕೊಳ್ಳುವ ಭಯವೂ ಸೇರಿರುತ್ತದೆ, ಜನ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಇಷ್ಟು ಹಾಳು ಮಾಡಿಕೊಂಡಿದ್ದೀರಲ್ಲ ಅಂತ ಡಾಕ್ಟರ್ ಗದರುತ್ತಾರೆ ಅನ್ನುವ ಅಳುಕು. ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಇನ್ನೊಂದು ಕಾರಣ. ಬಾಗೇಪಲ್ಲಿ, ಗುಡಿಬಂಡೆ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಹಲ್ಲೆಲ್ಲ ಕಂದು ಗೆರೆ ಬಿದ್ದವರು ಬಾಯಿ ತೆರೆಯಲೇ ನಾಚುತ್ತಾರೆ. ನಾವು ದಿನಾ ನೋಡುವ ಹಲ್ಲುಗಳೇ ಅವು, ಸಂಕೋಚ ಬೇಡ.

ಇಷ್ಟರಿಂದಲೂ ಆಗದಿದ್ದರೆ ಮಂಪರು. ಅದರಲ್ಲಿ ಮೆಟ್ಟಿಲುಗಳಿವೆ. ಎಲ್ಲಕ್ಕಿಂತ ಕೆಳಗಿನದು ನಗೆ ಅನಿಲ. ಮೂಗಿಗೆ ಒಂದು ಸಣ್ಣ ಮಾಸ್ಕ್ ಇಡುತ್ತಾರೆ. ಅದರಲ್ಲಿ ನೈಟ್ರಸ್ ಆಕ್ಸೈಡ್ ಮತ್ತು ಆಕ್ಸಿಜನ್ ಸೇರಿ ಬರುತ್ತದೆ. ಸ್ವಲ್ಪದಿಂದ ಶುರು ಮಾಡಿ ನಿಮಗೆ ಹಿತ ಅನ್ನಿಸುವವರೆಗೆ ಏರಿಸುತ್ತಾರೆ. ನಾವು ಉಸಿರಾಡುವ ಗಾಳಿಯಲ್ಲಿ ಆಕ್ಸಿಜನ್ ಇರುವುದು 21%, ಈ ಮೆಷಿನ್‌ಗಳು 30ಕ್ಕಿಂತ ಕಡಿಮೆ ಕೊಡದಂತೆ ತಯಾರಾಗಿವೆ. ಕೆಲವೇ ನಿಮಿಷದಲ್ಲಿ ಬೆರಳ ತುದಿ ಜುಮ್ ಅನ್ನುತ್ತದೆ, ಮೈ ಬೆಚ್ಚಗೆ, ಹಗುರ. ಎಚ್ಚರ ಇರುತ್ತದೆ, ಮಾತಾಡಬಹುದು. ಹೆಸರಿಗೆ ನಗೆ ಅನಿಲ, ಎಲ್ಲರೂ ನಗುವುದಿಲ್ಲ. ಕೊನೆಗೆ ಐದು ನಿಮಿಷ ಬರೀ ಆಕ್ಸಿಜನ್ ಕೊಟ್ಟರೆ ಅನಿಲ ಉಸಿರಿನಲ್ಲೇ ಹೊರಗೆ ಹೋಗುತ್ತದೆ. ಸೂಜಿ ಇಲ್ಲ, ಬೇಗ ಇಳಿಯುತ್ತದೆ, ಬೇಕಾದಷ್ಟೇ ಕೊಡಬಹುದು. ನನಗೆ ಇಷ್ಟವಾದ ದಾರಿ ಇದೇ.

ಆದರೆ ನಿಮ್ಮ ಮೂಗು ಕಟ್ಟಿರುತ್ತದೆ. ಮೂಗಿನಿಂದ ಉಸಿರೆಳೆಯದಿದ್ದರೆ ಈ ಅನಿಲದಿಂದ ಏನೂ ಪ್ರಯೋಜನ ಇಲ್ಲ. ಗೂಡು ಬೇಯಿಸುವ ಹಬೆ, ದೂಳಿನಲ್ಲಿ ಕೆಲಸ ಮಾಡುವವರಿಗೆ ಅಲರ್ಜಿ ನೆಗಡಿ, ಉಬ್ಬಸ ಬರುವುದು ಹೊಸದಲ್ಲ. ಮೊದಲು ಕಿವಿ ಮೂಗು ಗಂಟಲು ಡಾಕ್ಟರ್‌ಗೆ ತೋರಿಸಿ. ಮೂಗು ಸರಿಹೋದರೆ ಈ ದಾರಿ ನಿಮಗೆ ತೆರೆಯುತ್ತದೆ, ಗೊರಕೆಯೂ ಸ್ವಲ್ಪ ಇಳಿಯಬಹುದು. ಕೈಕಾಲು ಯಾವಾಗಲೂ ಜೋಮು ಹಿಡಿಯುತ್ತಿದ್ದರೆ ಅಥವಾ ಬಿ12 ಕಡಿಮೆ ಇದೆ ಅಂತ ಯಾರಾದರೂ ಹೇಳಿದ್ದರೆ ತಿಳಿಸಿ, ಈ ಅನಿಲ ಬಿ12 ಕೆಲಸಕ್ಕೆ ಅಡ್ಡಿ ಮಾಡುತ್ತದೆ. ಗರ್ಭಿಣಿ ಇರಬಹುದು ಅನ್ನುವ ಅನುಮಾನ ಇದ್ದರೂ ಹೇಳಿ. ಇತ್ತೀಚೆಗೆ ಕಣ್ಣಿನ ಪರದೆಯ ಆಪರೇಷನ್ ಆಗಿ ಒಳಗೆ ಗ್ಯಾಸ್ ತುಂಬಿದ್ದರೆ ಈ ಅನಿಲ ಕೊಡಲೇಬಾರದು, ದೃಷ್ಟಿಯೇ ಹೋಗಬಹುದು.

ಎರಡನೆಯದು ಮಾತ್ರೆ. ಸುಲಭ ಅನ್ನಿಸುತ್ತದೆ, ಆದರೆ ನನಗೆ ಅದರ ಮೇಲೆ ಅಷ್ಟು ನಂಬಿಕೆ ಇಲ್ಲ. ಒಂದೇ ಮಾತ್ರೆ ಒಬ್ಬರಿಗೆ ಏನೂ ಮಾಡುವುದಿಲ್ಲ, ಇನ್ನೊಬ್ಬರನ್ನು ಮಲಗಿಸಿಬಿಡುತ್ತದೆ. ನುಂಗಿದ ಮೇಲೆ ಕಡಿಮೆ ಮಾಡಲು ಆಗುವುದಿಲ್ಲ. ಸಾಲಲಿಲ್ಲ ಅಂತ ಇನ್ನೊಂದು ಕೊಟ್ಟರೆ ಎರಡೂ ಒಟ್ಟಿಗೆ ಏರಬಹುದು. ಹಿಂದಿನ ರಾತ್ರಿ ನಿದ್ದೆ ಬರಲಿ ಅಂತ ಡಾಕ್ಟರ್ ಬರೆದುಕೊಟ್ಟರೆ ಸರಿ. ನಿಮ್ಮ ಗೊರಕೆ ಉಸಿರು ಕಟ್ಟಿ ಎಚ್ಚರ ಆಗುವ ತರಹದ್ದಾ, ಹಗಲು ತೂಕಡಿಕೆ ಇದೆಯಾ ಅಂತ ಮನೆಯವರನ್ನು ಕೇಳಿ ಡಾಕ್ಟರ್‌ಗೆ ತಿಳಿಸಿ. ಹಾಗಿದ್ದರೆ ನಿದ್ದೆಯಲ್ಲಿ ಗಂಟಲ ದಾರಿ ಮುಚ್ಚುವ ತೊಂದರೆ ಇರಬಹುದು, ಅಂಥವರಿಗೆ ಮಂಪರಿನ ಮಾತ್ರೆ ಅಪಾಯ. ಥೈರಾಯ್ಡ್ ಕಡಿಮೆ ಇದ್ದು ಹತೋಟಿಯಲ್ಲಿ ಇಲ್ಲದಿದ್ದರೂ ಈ ಔಷಧಿಗಳು ಜಾಸ್ತಿ ಏರುತ್ತವೆ. ಟಿಎಸ್‌ಎಚ್ ಪರೀಕ್ಷೆ ಮಾಡಿಸಿ ತುಂಬಾ ದಿನ ಆಗಿದ್ದರೆ ಈಗ ಮಾಡಿಸಿ.

ಮೂರನೆಯದು ಕೈಯ ರಕ್ತನಾಳಕ್ಕೆ ಕೊಡುವ ಮಂಪರು. ಬೆಂಗಳೂರಿನಲ್ಲಿ ಗೊತ್ತೇ ಆಗದ ಹಾಗೆ ಕೀಳುತ್ತಾರೆ ಅಂತ ನೀವು ಕೇಳಿರುವುದು ಬಹುಶಃ ಇದು. ಸಾಮಾನ್ಯವಾಗಿ ಮಿಡಾಜೋಲಾಮ್ ಅನ್ನುವ ಔಷಧಿ. ಸ್ವಲ್ಪ ಸ್ವಲ್ಪವೇ ಬಿಡುತ್ತಾ ನೋಡುತ್ತಾರೆ. ಕರೆದರೆ ನೀವು ಓಗೊಡುತ್ತೀರಿ, ಬಾಯಿ ತೆರೆಯಿರಿ ಅಂದರೆ ತೆರೆಯುತ್ತೀರಿ. ಆದರೆ ಆಮೇಲೆ ಹೆಚ್ಚಿನವರಿಗೆ ಏನೂ ನೆನಪಿರುವುದಿಲ್ಲ. ಹಳೆಯ ಕೆಟ್ಟ ನೆನಪಿನ ಮೇಲೆ ಇನ್ನೊಂದು ಸೇರುವುದಿಲ್ಲ ಅನ್ನುವುದೇ ಇದರ ದೊಡ್ಡ ಲಾಭ. ನಿಮ್ಮ ಕೆಳಗಿನ ಎರಡು, ಮೇಲಿನ ಒಂದು ಹಲ್ಲಿನ ಕೆಲಸವನ್ನು ಒಂದೇ ಸಲಕ್ಕೆ ಮುಗಿಸುವ ಸಾಧ್ಯತೆಯೂ ಇದೆ.

ಎಚ್ಚರ ಆಗದೇ ಹೋದರೆ ಅಂತ ಕೇಳಿದ್ದೀರಿ. ಮಿಡಾಜೋಲಾಮ್ ಪ್ರಭಾವ ಇಳಿಸಲು ಫ್ಲೂಮಜೆನಿಲ್ ಅನ್ನುವ ಔಷಧಿಯೇ ಇದೆ. ನಿಜವಾದ ಅಪಾಯ ಇರುವುದು ಉಸಿರು ನಿಧಾನ ಆದದ್ದನ್ನು ಯಾರೂ ಗಮನಿಸದೇ ಹೋದರೆ. ಅದಕ್ಕೇ ಒಂದು ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ಹಲ್ಲಿನ ಕೆಲಸ ಮಾಡುವವರೇ ಮಂಪರು ಕೊಟ್ಟು, ಅದನ್ನೂ ತಾವೇ ನೋಡಿಕೊಳ್ಳುತ್ತೇವೆ ಅಂದರೆ ಒಪ್ಪಬೇಡಿ. ನಿಮ್ಮ ಉಸಿರನ್ನು ನೋಡುವುದೇ ಕೆಲಸವಾಗಿರುವ ಇನ್ನೊಬ್ಬರು, ಆದಷ್ಟು ಅನಸ್ತೇಷಿಯಾ ಡಾಕ್ಟರ್, ತಲೆಯ ಹತ್ತಿರ ಇರಬೇಕು. ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ ಇರಬೇಕು, ಪಕ್ಕದಲ್ಲಿ ಸಿಲಿಂಡರ್ ಇರಬೇಕು. ಹೆಚ್ಚುಕಮ್ಮಿ ಆದರೆ ಯಾವ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೀರಿ ಅಂತ ಕೇಳಿ. ಈ ಪ್ರಶ್ನೆಗೆ ಮುಖ ಸಿಂಡರಿಸುವ ಜಾಗದಲ್ಲಿ ಮಂಪರು ತಗೊಳ್ಳಬೇಡಿ. ನಿಮ್ಮ ಗೊರಕೆಯ ಕಾರಣಕ್ಕೆ ಇದನ್ನು ಆಸ್ಪತ್ರೆಯಲ್ಲೇ ಮಾಡಿಸುವುದು ಒಳ್ಳೆಯದು.

ಇದಕ್ಕೆ ಬರುವಾಗ ಮಾತ್ರ ಹೊಟ್ಟೆ ಖಾಲಿ ಇರಬೇಕು. ಊಟ ತಿಂಡಿ ಆರು ಗಂಟೆ ಮೊದಲೇ ನಿಲ್ಲಬೇಕು, ಬರೀ ನೀರು ಎರಡು ಗಂಟೆ ಮೊದಲಿನವರೆಗೆ ಕುಡಿಯಬಹುದು. ಹಾಲು ಹಾಕಿದ ಕಾಫಿ, ಟೀ ಊಟದ ಲೆಕ್ಕಕ್ಕೇ ಸೇರುತ್ತದೆ. ಒಂದು ಲೋಟ ಟೀ ತಾನೇ ಅಂತ ಕುಡಿದು ಬಂದು ವಾಪಸ್ ಹೋದವರಿದ್ದಾರೆ. ಥೈರಾಯ್ಡ್ ಮಾತ್ರೆಯನ್ನು ಒಂದು ಗುಟುಕು ನೀರಿನಲ್ಲಿ ನುಂಗಬಹುದು, ಆದರೂ ಮಂಪರು ಕೊಡುವವರನ್ನು ಒಂದು ಮಾತು ಕೇಳಿ. ಜೊತೆಗೆ ಮನೆಯವರು ಬರಲೇಬೇಕು. ಬಸ್ಸಿನಲ್ಲಿ ಒಬ್ಬರೇ ಹೋಗುವ ಹಾಗಿಲ್ಲ, ಸ್ಕೂಟರ್ ಓಡಿಸುವ ಹಾಗೂ ಇಲ್ಲ. ಒಂದು ದಿನ ಪೂರ್ತಿ ಘಟಕದ ಕಡೆ ಹೋಗಬೇಡಿ. ಕುದಿಯುವ ಬೇಸಿನ್, ತಿರುಗುವ ಬೆಲ್ಟ್ ಇರುವ ಜಾಗಕ್ಕೆ ಮಂಪರು ಕಣ್ಣಲ್ಲಿ ಹೋಗುವುದು ಬೇಡ.

ಪೂರ್ತಿ ಪ್ರಜ್ಞೆ ತಪ್ಪಿಸುವುದು ಕೊನೆಯ ಮೆಟ್ಟಿಲು. ಅದು ಆಪರೇಷನ್ ಥಿಯೇಟರ್ ಕೆಲಸ, ರಕ್ತ ಪರೀಕ್ಷೆ, ಅನಸ್ತೇಷಿಯಾ ತಪಾಸಣೆ ಎಲ್ಲ ಬೇಕು. ಬಾಯಿ ತುಂಬಾ ಹುಳುಕಾದ ಪುಟ್ಟ ಮಕ್ಕಳಿಗೆ, ಬುದ್ಧಿಮಾಂದ್ಯ ಇರುವವರಿಗೆ, ದವಡೆಯ ದೊಡ್ಡ ಆಪರೇಷನ್‌ಗೆ ಅದು ಸರಿ. ಮೂರು ಹಲ್ಲಿಗೆ ನಿಮಗೆ ಬೇಕಾಗುವ ಸಾಧ್ಯತೆ ಕಡಿಮೆ.

ಎಲ್ಲಿ ಸಿಗುತ್ತದೆ? ನಮ್ಮ ತಾಲೂಕಿನ ಸಣ್ಣ ಕ್ಲಿನಿಕ್‌ಗಳಲ್ಲಿ ಅನಿಲದ ಮೆಷಿನ್ ಇರುವುದು ಅಪರೂಪ. ಡೆಂಟಲ್ ಕಾಲೇಜುಗಳಲ್ಲಿ ವಿಚಾರಿಸಿ. ಕೆಜಿಎಫ್‌ನಲ್ಲಿ ಒಂದಿದೆ, ಬೆಂಗಳೂರಿನಲ್ಲಿ ಸರ್ಕಾರಿ ದಂತ ಕಾಲೇಜು ಇದೆ. ಹೋಗುವ ಮೊದಲು ಫೋನ್ ಮಾಡಿ, ದೊಡ್ಡವರಿಗೆ ಮಂಪರು ಕೊಡುತ್ತೀರಾ, ಯಾವ ದಿನ ಅಂತ ಕೇಳಿ. ಕೆಲವು ಕಡೆ ಮಕ್ಕಳ ವಿಭಾಗದಲ್ಲಿ ಮಾತ್ರ ಇರುತ್ತದೆ. ಖಾಸಗಿ ಆಸ್ಪತ್ರೆ ಆದರೆ ಹಲ್ಲಿನ ಕೆಲಸಕ್ಕೆ ಎಷ್ಟು, ಅನಸ್ತೇಷಿಯಾ ಡಾಕ್ಟರ್‌ಗೆ ಎಷ್ಟು, ಪರೀಕ್ಷೆಗಳಿಗೆ ಎಷ್ಟು ಅಂತ ಬೇರೆಬೇರೆಯಾಗಿ ಬರೆಸಿಕೊಳ್ಳಿ.

ನಿಮ್ಮತ್ತೆಗೆ ಹೇಳಿ, ಮೇಲಿನ ಹಲ್ಲಿನ ನರವೂ ಕಣ್ಣಿನ ದೃಷ್ಟಿಯ ನರವೂ ಬೇರೆಬೇರೆ. ಹಲ್ಲು ಕಿತ್ತರೆ ಕಣ್ಣು ಮಂಜಾಗುವುದಿಲ್ಲ. ವಯಸ್ಸಾದ ಕಾಲಕ್ಕೆ ಹಲ್ಲೂ ಹೋಗುತ್ತದೆ, ಕಣ್ಣಿಗೆ ಪೊರೆಯೂ ಬರುತ್ತದೆ, ಜನ ಎರಡನ್ನೂ ಸೇರಿಸಿ ಮಾತಾಡುತ್ತಾರೆ. ಇನ್ನು ಲವಂಗದ ಎಣ್ಣೆ ಹತ್ತಿಯಲ್ಲಿ ಒಂದು ಹನಿ ಇಟ್ಟರೆ ಪರವಾಗಿಲ್ಲ, ಜಾಸ್ತಿಯಾದರೆ ಒಸಡು ಸುಡುತ್ತದೆ. ನೋವಿನ ಮಾತ್ರೆಯನ್ನು ಒಸಡಿಗೆ ಒತ್ತಿ ಇಡಬೇಡಿ. ದಿನಾ ನುಂಗುತ್ತಿರುವ ಮಾತ್ರೆ ಯಾವುದು, ಎಷ್ಟು ಅಂತ ಡಾಕ್ಟರ್‌ಗೆ ಮುಚ್ಚಿಡದೆ ಹೇಳಿ. ಹೊಟ್ಟೆಗೂ ಕಿಡ್ನಿಗೂ ಅವು ಒಳ್ಳೆಯದಲ್ಲ.

ನಾನು ನಿಮ್ಮ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದೆ ಅಂತ ಹೇಳುತ್ತೇನೆ. ಮೊದಲ ಸಲ ಬರೀ ಮಾತಿಗೆ ಹೋಗುತ್ತಿದ್ದೆ. ಇವತ್ತು ನೋಡುವುದು, ಎಕ್ಸ್‌ರೇ ಅಷ್ಟೇ, ಸೂಜಿ ಬೇಡ ಅಂತ ಫೋನ್‌ನಲ್ಲೇ ಹೇಳಿಬಿಡುತ್ತಿದ್ದೆ. ಎಕ್ಸ್‌ರೇ ನೋಡಿದ ಮೇಲೆ ಎರಡು ದವಡೆ ಹಲ್ಲಿನಲ್ಲಿ ಒಂದನ್ನು ರೂಟ್ ಕೆನಾಲ್ ಮಾಡಿ ಉಳಿಸಬಹುದು ಅಂತಲೂ ಗೊತ್ತಾಗಬಹುದು. ಎರಡನೇ ಸಲ ಮೇಲಿನ ಮುರಿದ ಹಲ್ಲು. ಅದು ಮರಗಟ್ಟಿಸಲು ಸುಲಭ. ಒಂದು ಸಲ ನೋವಿಲ್ಲದೆ ಮುಗಿದರೆ ಕೆಳಗಿನದಕ್ಕೆ ಮಂಪರು ಬೇಕೋ ಬೇಡವೋ ಅಂತ ನೀವೇ ಹೇಳಬಹುದು. ಆದರೆ ರಾತ್ರಿ ನಿದ್ದೆ ಕೆಡಿಸುತ್ತಿರುವ ಆ ಹಲ್ಲು ಕಾಯುವುದಿಲ್ಲ ಅಂತ ಡಾಕ್ಟರ್ ಅಂದರೆ, ಮೊದಲು ಅದನ್ನೇ ಆಸ್ಪತ್ರೆಯಲ್ಲಿ ರಕ್ತನಾಳದ ಮಂಪರು ಕೊಡಿಸಿ ಮುಗಿಸಿಕೊಳ್ಳಿ. ಕ್ಲಿನಿಕ್ ಹೆಸರು ಎತ್ತಿದರೇ ಮೈ ನಡುಗುವಷ್ಟು ಭಯ ಇದ್ದರೆ ಮನಸ್ಸಿನ ಡಾಕ್ಟರ್ ಜೊತೆ ಮಾತಾಡುವುದೂ ಕೆಲಸ ಮಾಡುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಇಲ್ಲ.

ಬೆಳಗಿನ ಮೊದಲ ಸಮಯ ಕೇಳಿ ತಗೊಳ್ಳಿ. ಆಗ ಹೊರಗೆ ಕೂತು ಬೇರೆಯವರ ಮೆಷಿನ್ ಸದ್ದು ಕೇಳುವುದು ತಪ್ಪುತ್ತದೆ. ಥೈರಾಯ್ಡ್ ರಿಪೋರ್ಟ್, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಖಾಲಿ ಶೀಟು, ಆ ನಿದ್ದೆ ಮಾತ್ರೆಯದ್ದೂ ಸೇರಿಸಿ, ಒಂದು ಕವರ್‌ನಲ್ಲಿ ಹಾಕಿಕೊಂಡು ಹೋಗಿ.